ಮೊದಲ ವೆಬ್ ಪುಸ್ತಕವನ್ನು ನಡುವಿನಿಂದ ತೆರೆಯಿರಿ

(ದಾವಣಗೆರೆಯಲ್ಲಿ ಪದವಿ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳೆದುರು ಆಡಿದ ಮಾತಿನ ಬರಹ ರೂಪ)

ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮೂರ ಎಪಿಎಂಸಿ ಒಳಗೆ ಹೋಗಿ ನೋಡಿದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚೇ ಇದ್ದೀರಿ, ನನ್ನ ಕೆಲಸ ಹಗುರವಾಯಿತು. ಹಾಗಾದರೆ ಖರೀದಿಗೆ ಬಂದವನು ಏನು ಮಾಡುತ್ತಾನೆ ಎಂಬುದು ನಿಮಗೆ ಗೊತ್ತು. ಚೀಲದ ಮೇಲಿನ ಕಾಳಿನ ಕಡೆ ಅವನು ಕಣ್ಣೂ ಹಾಯಿಸುವುದಿಲ್ಲ. ಮೊನೆಯಿರುವ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚುತ್ತಾನೆ, ಒಳಗಿಂದ ಜಾರಿ ಬಂದ ಕಾಳನ್ನು ಅಂಗೈಯಲ್ಲಿ ಹರಡುತ್ತಾನೆ, ಒಂದನ್ನು ಹಲ್ಲಲ್ಲಿ ಕಡಿದು ತೇವ ನೋಡುತ್ತಾನೆ. ಆಮೇಲೆಯೇ ರೇಟಿನ ಮಾತು. ಚಿಕ್ಕವನಿದ್ದಾಗ ನಮ್ಮ ಮಾವನ ಜೊತೆ ಹೋಗಿ, ಮೇಲೇ ಇಷ್ಟು ಚೆನ್ನಾಗಿದೆಯಲ್ಲ, ಚುಚ್ಚೋದು ಯಾಕೆ ಅಂತ ಕೇಳಿದ್ದೆ. ಮಾವ ಹೇಳಿದ್ದು: "ತಮ್ಮಾ, ಬಾಯಿ ಹತ್ರ ಎಲ್ರೂ ಚೆಂದಿರೋ ಕಾಳೇ ಇಡ್ತಾರೆ."

ಪುಸ್ತಕ ಬರೆಯುವವರೂ ಅಷ್ಟೇ. ವೆಬ್ ಪ್ರೋಗ್ರಾಮಿಂಗ್‌ನ ಯಾವ ಪುಸ್ತಕವನ್ನೇ ತೆಗೆಯಿರಿ, ಮೊದಲ ಅಧ್ಯಾಯ ಹಾಲು ಕುಡಿದಷ್ಟು ಸಲೀಸು. ಪರದೆ ಮೇಲೆ "ಹಲೋ ವರ್ಲ್ಡ್" ಮೂಡಿಸುವುದಕ್ಕೆ ಯಾರಿಗೂ ಕಷ್ಟವಿಲ್ಲ. ಅಂಗಡಿಯಲ್ಲಿ ನಿಂತು ನಾವು ಓದುವುದೂ ಅದೇ ಹತ್ತು ಪುಟ. ಚೆನ್ನಾಗಿದೆ ಅನಿಸುತ್ತದೆ, ಏಳುನೂರೋ ಎಂಟುನೂರೋ ಕೊಟ್ಟು ಮನೆಗೆ ತರುತ್ತೇವೆ. ಐದನೇ ಅಧ್ಯಾಯದ ಹೊತ್ತಿಗೆ ಪುಸ್ತಕ ಕಪಾಟು ಸೇರಿರುತ್ತದೆ. ನನಗೆ ಬರುವ ವಿದ್ಯೆಯಲ್ಲ ಇದು ಎಂಬ ತೀರ್ಮಾನವೂ ಅದರ ಜೊತೆಗೇ ಕಪಾಟು ಸೇರುತ್ತದೆ. ಕೋಡ್ ಬರೆಯುವುದನ್ನು ನೀವು ಬೇರೆ ಕಡೆ ಕಲಿಯಬಹುದು. ಏನೂ ಗೊತ್ತಿಲ್ಲದವನು, ತನಗೆ ಗೊತ್ತಿಲ್ಲದ ವಿಷಯದ ಪುಸ್ತಕವನ್ನು ತೂಗಿ ನೋಡುವುದು ಹೇಗೆ? ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ನಾನೇ ಮೋಸಹೋದ ಕಥೆ ಕೇಳಿ. ಹಳೇ ಪುಸ್ತಕ ಮಾರುವವರೊಬ್ಬರ ಹತ್ತಿರ ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯ ಒಂದು ದಪ್ಪ ಪುಸ್ತಕ ಸಿಕ್ಕಿತು. ನೂರಾ ಇಪ್ಪತ್ತು ರೂಪಾಯಿ. ತೂಕದ ಲೆಕ್ಕದಲ್ಲಿ ಲಾಭವೇ. ಮೊದಲ ಆರು ಅಧ್ಯಾಯ ಸರಾಗವಾಗಿ ಹೋಯಿತು. ಏಳನೆಯದರಲ್ಲಿ ಡೇಟಾಬೇಸ್, ಅಂದರೆ ಮಾಹಿತಿ ಕೂಡಿಡುವ ಜಾಗ; ಪುಸ್ತಕದ್ದು ಮೈಎಸ್‌ಕ್ಯೂಎಲ್ ಎಂಬುದು. ಪುಸ್ತಕದಲ್ಲಿದ್ದಂತೆ ಅಕ್ಷರ ಅಕ್ಷರ ಟೈಪ್ ಮಾಡಿದೆ. ಕಂಪ್ಯೂಟರ್ ಹೇಳಿತು: ಮೈಎಸ್‌ಕ್ಯೂಎಲ್ ಕನೆಕ್ಟ್ ಎಂಬ ಫಂಕ್ಷನ್ನೇ ಇಲ್ಲ. ಇಲ್ಲ ಅಂದರೆ? ಪುಸ್ತಕದಲ್ಲಿ ಇದೆಯಲ್ಲ! ಎಂಟು ದಿನ ಒದ್ದಾಡಿದೆ. ಸ್ಪೆಲ್ಲಿಂಗ್ ನೋಡಿದೆ, ಸೆಮಿಕೋಲನ್ ನೋಡಿದೆ, ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ತಪ್ಪು ನನ್ನದೇ ಎಂಬುದರಲ್ಲಿ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ಅಚ್ಚಾದದ್ದು ತಪ್ಪಾಗಿರಲು ಸಾಧ್ಯವೇ?

ಆಗಿದ್ದು ಏನೆಂದರೆ, ಮೈಎಸ್‌ಕ್ಯೂಎಲ್ ಜೊತೆ ಮಾತಾಡುವ ಆ ಹಳೇ ಫಂಕ್ಷನ್‌ಗಳನ್ನೆಲ್ಲ ಪಿಎಚ್‌ಪಿ 7ರಲ್ಲಿ, ಅಂದರೆ 2015ರ ಡಿಸೆಂಬರ್‌ನಲ್ಲಿ, ಕಿತ್ತುಹಾಕಿದ್ದರು. ನನ್ನ ಪುಸ್ತಕ ಅದಕ್ಕೂ ಬಹಳ ಹಿಂದಿನದು. ನಾನು ಇಳಿಸಿಕೊಂಡಿದ್ದ ಪಿಎಚ್‌ಪಿ ಹೊಸದು. ಪುಸ್ತಕ ಒಂದು ಕಾಲದ್ದು, ಯಂತ್ರ ಇನ್ನೊಂದು ಕಾಲದ್ದು, ನಡುವೆ ಸಿಕ್ಕಿಕೊಂಡವನು ನಾನು. ಇಸವಿ ಹಾಕಿದ ಪುಟವನ್ನು ಒಮ್ಮೆ ತಿರುವಿ ನೋಡಿದ್ದರೆ ಎಂಟು ದಿನ ಉಳಿಯುತ್ತಿತ್ತು.

ಹಾಗಂತ ಹೊಸ ಇಸವಿ ಇದ್ದರೆ ಸಾಕು ಎಂದು ಓಡಬೇಡಿ. ಇಸವಿ ಸರಿಯಿದ್ದೂ ಹೊಟ್ಟೆ ಕೆಟ್ಟಿರುವ ಪುಸ್ತಕಗಳಿವೆ. ಅದಕ್ಕೆ ಕೊಳವೆ ಎಲ್ಲಿ ಚುಚ್ಚಬೇಕು ಎಂದರೆ, ಫಾರ್ಮ್ ಬರುವ ಅಧ್ಯಾಯಕ್ಕೆ. ಹೆಸರು ಬರೆಯುವ ಪೆಟ್ಟಿಗೆ, ಕೆಳಗೊಂದು "ಸೇವ್" ಗುಂಡಿ, ಒತ್ತಿದರೆ ಬರೆದದ್ದು ಎಲ್ಲೋ ಹೋಗಿ ಉಳಿಯುತ್ತದೆ. ವೆಬ್ ಅಪ್ಲಿಕೇಶನ್ ಎನ್ನುವುದು ಅಲ್ಲಿ ಶುರುವಾಗುತ್ತದೆ. ಅದಕ್ಕೆ ಮುಂಚಿನದೆಲ್ಲ ಬರೀ ಪುಟ, ಗೋಡೆಗೆ ಅಂಟಿಸಿದ ಪೋಸ್ಟರ್ ಇದ್ದ ಹಾಗೆ. ಬಳಸುವವನು ಬರೆದದ್ದನ್ನು ನಿಮ್ಮ ಪ್ರೋಗ್ರಾಮು ಕೈಗೆ ತೆಗೆದುಕೊಂಡ ಕ್ಷಣದಿಂದ ತಲೆನೋವು ಶುರು. ಆ ಪುಟಗಳಲ್ಲಿ ಲೇಖಕ ಏನು ಮಾಡಿದ್ದಾನೆ ನೋಡಿದರೆ ಆಳು ಗೊತ್ತಾಗುತ್ತಾನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಟ್ಟುವಳ್ಳಿಯಲ್ಲಿ ನಿಮ್ಮ ಅತ್ತೆಯೊಬ್ಬರು ಮನೆಮನೆಗೆ ಹಾಲು ಹಾಕುತ್ತಾರೆ ಎಂದುಕೊಳ್ಳಿ. ನಲವತ್ತು ಮನೆ. ಲೆಕ್ಕವೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ. ನೀವು ಅದಕ್ಕೊಂದು ಸಣ್ಣ ವೆಬ್ ಅಪ್ಲಿಕೇಶನ್ ಮಾಡಿಕೊಡುತ್ತೀರಿ: ಗಿರಾಕಿಯ ಹೆಸರು, ಎಷ್ಟು ಲೀಟರ್, ಸೇವ್.

ಮೊದಲ ದಿನ ಎಲ್ಲ ಸರಿ. ಎರಡನೇ ದಿನ ಅತ್ತೆ ಒಂದು ಲೀಟರ್ ಎಂದು ಹಾಕಿ ಸೇವ್ ಒತ್ತಿದರು. ನೆಟ್ ನಿಧಾನ. ಆಯಿತೋ ಇಲ್ಲವೋ ನೋಡೋಣ ಎಂದು ರಿಫ್ರೆಶ್ ಮಾಡಿದರು. ಬ್ರೌಸರ್ ಏನೋ ಕೇಳಿತು, ಅತ್ತೆ ಓಕೆ ಅಂದರು. ಹಾಲು ಎರಡು ಲೀಟರ್ ಆಯಿತು! ತಿಂಗಳ ಕೊನೆಗೆ ಆ ಮನೆಯವರ ಜೊತೆ ಜಗಳ. ಯಾಕೆ ಹೀಗಾಯಿತು? ಫಾರ್ಮ್ ಕಳಿಸಿದಾಗ ಬ್ರೌಸರ್, ಅಪ್ಲಿಕೇಶನ್ ಓಡುತ್ತಿರುವ ಕಡೆಗೆ, ಅಂದರೆ ಸರ್ವರ್‌ಗೆ, "ಇದನ್ನು ತೆಗೆದುಕೋ" ಎಂದು ಪೋಸ್ಟ್ ಎಂಬ ವಿನಂತಿ ಕಳಿಸುತ್ತದೆ. ಅದಕ್ಕೆ ಉತ್ತರವಾಗಿ ಬಂದ ಪುಟವನ್ನು ರಿಫ್ರೆಶ್ ಮಾಡಿದರೆ ಅದೇ ವಿನಂತಿ ಇನ್ನೊಮ್ಮೆ ಹೋಗುತ್ತದೆ, ಸರ್ವರ್ ಇನ್ನೊಮ್ಮೆ ಬರೆದುಕೊಳ್ಳುತ್ತದೆ. ಪರಿಹಾರ ಒಂದೇ ಸಾಲಿನದು. ಬರೆದುಕೊಂಡ ಮೇಲೆ ಸರ್ವರ್ ಪುಟ ಕೊಡಬಾರದು, "ಆ ವಿಳಾಸಕ್ಕೆ ಹೋಗು" ಎಂದು ಬ್ರೌಸರನ್ನು ಅಟ್ಟಬೇಕು. ಬ್ರೌಸರ್ ಅಲ್ಲಿಗೆ ಹೋಗಿ, ಬರೀ ಓದಲು ಕೇಳುವ ಗೆಟ್ ವಿನಂತಿಯಿಂದ ಪಟ್ಟಿ ತರುತ್ತದೆ. ಆಮೇಲೆ ಅತ್ತೆ ನೂರು ಸಲ ರಿಫ್ರೆಶ್ ಮಾಡಲಿ, ಪಟ್ಟಿ ನೂರು ಸಲ ಕಾಣುತ್ತದೆ, ಹಾಲು ಒಂದೇ ಲೀಟರ್. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಫಾರ್ಮ್ ಅಧ್ಯಾಯದಲ್ಲಿ ಈ ಪದ ಇದೆಯೇ, ಯಾಕೆ ಬೇಕೆಂದು ಹೇಳಿದೆಯೇ ನೋಡಿ. ಇದ್ದರೆ ಬರೆದವನು ಮನುಷ್ಯರು ಬಳಸುವ ಅಪ್ಲಿಕೇಶನ್ ಮಾಡಿದ್ದಾನೆ.

ಮೂರನೇ ದಿನ ಹೊಸ ಗಿರಾಕಿ. ಹೆಸರು ಡಿ'ಸೋಜಾ. ಅತ್ತೆ ಇಂಗ್ಲಿಷಿನಲ್ಲಿ ಸರಿಯಾಗಿ, ಮೇಲೊಂದು ಕೊಕ್ಕೆ ಹಾಕಿ ಬರೆದರು. ಪ್ರೋಗ್ರಾಮ್ ಬಿದ್ದುಹೋಯಿತು. ಡೇಟಾಬೇಸಿಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಹೆಸರು ಎಲ್ಲಿ ಮುಗಿಯಿತು ಎಂದು ಹೇಳುವುದಕ್ಕೆ ಬಳಸುವುದೂ ಅದೇ ಕೊಕ್ಕೆಯನ್ನು. ಡಿ ಆದ ಕೂಡಲೇ ಹೆಸರು ಮುಗಿಯಿತು ಎಂದುಕೊಂಡ ಡೇಟಾಬೇಸ್, ಸೋಜಾ ಎಂಬುದನ್ನು ಆಜ್ಞೆ ಎಂದು ಓದಲು ಹೋಯಿತು. ಪಾಪದ ಡಿ'ಸೋಜಾ ಹಾಲು ಕೇಳಿದ್ದಷ್ಟೇ. ಅದೇ ಜಾಗದಲ್ಲಿ ಕಿಡಿಗೇಡಿಯೊಬ್ಬ ಬೇಕೆಂದೇ ಕೊಕ್ಕೆ ಹಾಕಿ, ಮುಂದೆ ಪಟ್ಟಿಯನ್ನೇ ಅಳಿಸುವ ಆಜ್ಞೆ ಬರೆದರೆ? ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ದೊಡ್ಡ ಹೆಸರಿನಿಂದ ಕರೆಯುವುದು ಇದನ್ನೇ.

ಇದನ್ನು ಪತ್ತೆಹಚ್ಚಲು ನಿಮಗೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಡೇಟಾಬೇಸಿಗೆ ಬರೆಯುವ ಸಾಲನ್ನು ಹುಡುಕಿ. ಬಳಸುವವನು ಕೊಟ್ಟ ಹೆಸರನ್ನು ಆ ಸಾಲಿನೊಳಕ್ಕೆ ಪ್ಲಸ್ ಚಿಹ್ನೆ ಹಾಕಿ ಅಂಟಿಸಿದ್ದರೆ, ಪಿಎಚ್‌ಪಿಯಾದರೆ ಚುಕ್ಕಿ ಹಾಕಿ ಅಂಟಿಸಿದ್ದರೆ, ಪುಸ್ತಕ ಕೆಳಗಿಡಿ. ಹೆಸರು ಬರಬೇಕಾದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಂಥ ಗುರುತಿಟ್ಟು ಹೆಸರನ್ನು ಬೇರೆಯಾಗಿ ಕೊಟ್ಟಿದ್ದರೆ ಮುಂದೆ ಓದಿ. ಕೆಲವು ಪುಸ್ತಕಗಳಲ್ಲಿ ಎಸ್‌ಕ್ಯೂಎಲ್ ಸಾಲೇ ಕಾಣುವುದಿಲ್ಲ, ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ತಾನೇ ಬರೆದುಕೊಳ್ಳುತ್ತದೆ, ಅದೂ ಸರಿಯೇ. ಸಿಟ್ಟು ಬರಿಸುವುದು ಇನ್ನೊಂದು ಬಗೆ: ಮೊದಲು ತಪ್ಪು ದಾರಿಯನ್ನೇ ಹೇಳಿಕೊಟ್ಟು, ಮುನ್ನೂರು ಪುಟದ ನಂತರ "ಭದ್ರತೆ" ಎಂಬ ಅಧ್ಯಾಯದಲ್ಲಿ ಹಾಗೆ ಮಾಡಬೇಡಿ ಅನ್ನುವುದು. ಅಷ್ಟು ಹೊತ್ತಿಗೆ ಕೈ ತಪ್ಪಿಗೆ ಒಗ್ಗಿರುತ್ತದೆ, ಮುಕ್ಕಾಲು ಜನ ಆ ಅಧ್ಯಾಯ ತಲುಪಿರುವುದೂ ಇಲ್ಲ.

ನಾಲ್ಕನೇ ದಿನದ್ದು ನಮ್ಮದೇ ತೊಂದರೆ, ಇಂಗ್ಲಿಷ್ ಪುಸ್ತಕದವನ ತಲೆಗೆ ಬಾರದ್ದು. ಅತ್ತೆ ಹೆಸರನ್ನು ಕನ್ನಡದಲ್ಲಿ ಬರೆದರು. ಪಟ್ಟಿಯಲ್ಲಿ ನೋಡಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಮೈಎಸ್‌ಕ್ಯೂಎಲ್‌ನ ಹಳೇ ಆವೃತ್ತಿಗಳು ಏನೂ ಹೇಳದಿದ್ದರೆ ಲ್ಯಾಟಿನ್ ಲಿಪಿಯ ಲೆಕ್ಕದಲ್ಲಿ ಇಡುತ್ತಿದ್ದವು. 8.0 ಬಂದ ಮೇಲೆ ಅದು ಬದಲಾಯಿತು. ಇನ್ನೊಂದು ತಮಾಷೆ ನೋಡಿ. ದಾವಣಗೆರೆ ಅನ್ನುವುದರಲ್ಲಿ ಎಷ್ಟು ಅಕ್ಷರ? ಐದು, ಅಲ್ಲವೇ. ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಕೇಳಿದರೆ ಎಂಟು ಅನ್ನುತ್ತದೆ, ದೀರ್ಘ, ಏತ್ವಗಳನ್ನೆಲ್ಲ ಬೇರೆ ಬೇರೆ ಎಣಿಸುತ್ತದೆ. ಪಿಎಚ್‌ಪಿಯ ಸಾದಾ ಎಣಿಕೆಯನ್ನು ಕೇಳಿದರೆ ಇಪ್ಪತ್ತನಾಲ್ಕು! ಅದು ಎಣಿಸುವುದು ಕಂಪ್ಯೂಟರ್ ಜಾಗ ಅಳೆಯುವ ಬೈಟುಗಳನ್ನು; ಎಲ್ಲ ಲಿಪಿಗಳನ್ನೂ ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಚಿತ್ರದುರ್ಗದವರು ಯಾರಾದರೂ ಇದ್ದರೆ ನಿಮ್ಮೂರಿನದೂ ಕೇಳಿಕೊಳ್ಳಿ: ನಾಲ್ಕು ಅಕ್ಷರ, ಹತ್ತು ಚಿಹ್ನೆ, ಮೂವತ್ತು ಬೈಟ್. ಕೋಟೆಗಿಂತ ಭದ್ರವಾಗಿ ಕಟ್ಟಿದ್ದಾರೆ ಹೆಸರನ್ನು. ಈಗ ಹೆಸರು ಇಪ್ಪತ್ತು ಅಕ್ಷರ ಮೀರಬಾರದು ಎಂದು ನೀವು ನಿಯಮ ಹಾಕಿದಿರಿ ಎಂದುಕೊಳ್ಳಿ. ಆ ಪಿಎಚ್‌ಪಿ ಎಣಿಕೆಯಲ್ಲಿ ದಾವಣಗೆರೆ ಎಂದು ಬರೆದವನೇ ನಪಾಸು. ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡದ ಉದಾಹರಣೆ ಇರಬೇಕೆಂದು ಕೇಳುವುದು ಅತಿಯಾಯಿತು. ಆದರೆ ಹಿಂದಿನ ಪುಟಗಳ ಪದಸೂಚಿಯಲ್ಲಿ ಯುಟಿಎಫ್-8 ಎಂಬ ಪದವಾದರೂ ಇರಲಿ.

ಇಸವಿ ವಿಷಯಕ್ಕೆ ವಾಪಸು ಬರುತ್ತೇನೆ, ಅಲ್ಲಿ ಒಂದು ಮಾತು ಬಾಕಿ ಇದೆ. ಪುಸ್ತಕದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಬೇಗ ಹಳಸುವುದು ಇನ್‌ಸ್ಟಾಲ್ ಮಾಡುವ ಅಧ್ಯಾಯ. ಆಮೇಲೆ ಲೈಬ್ರರಿಗಳದ್ದು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನದ್ದು. ಜಾವಾಸ್ಕ್ರಿಪ್ಟಿನಲ್ಲಿ ಪುಟ ಕಟ್ಟುವ ರಿಯಾಕ್ಟ್ ಎಂಬ ಲೈಬ್ರರಿ ಬಂದದ್ದು 2013ರಲ್ಲಿ. 2019ರಲ್ಲಿ ಅದಕ್ಕೆ ಹುಕ್ಸ್ ಎಂಬ ಸೌಲಭ್ಯ ಬಂದು ಬರೆಯುವ ರೀತಿಯೇ ಬದಲಾಯಿತು. ಎಷ್ಟೋ ಪುಸ್ತಕಗಳು ಮೊದಲ ಪುಟದಲ್ಲೇ ಓಡಿಸಲು ಹೇಳುವ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಸಾಧನವನ್ನು 2025ರಲ್ಲಿ ಅದರವರೇ ಕೈಬಿಟ್ಟರು. ಪೈಥಾನ್ ಭಾಷೆಯ 2ನೇ ಆವೃತ್ತಿಯ ಆಯಸ್ಸು 2020ರ ಜನವರಿ 1ಕ್ಕೆ ಮುಗಿಯಿತು. ಪುಸ್ತಕದಲ್ಲಿ ಪ್ರಿಂಟ್ ಎಂಬುದರ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಆ ಕಾಲದ್ದು. ಜಾವಾಸ್ಕ್ರಿಪ್ಟಿನಲ್ಲಿ ಎಲ್ಲಿ ನೋಡಿದರೂ ವಾರ್ ಎಂಬ ಪದವೇ ಇದ್ದು, ಲೆಟ್ ಮತ್ತು ಕಾನ್ಸ್ಟ್ ಒಂದೂ ಇಲ್ಲ ಅಂದರೆ 2015ಕ್ಕಿಂತ ಹಿಂದಿನ ವಾಸನೆ.

ಹಳಸದೇ ಇರುವುದು ವಿನಂತಿ ಮತ್ತು ಉತ್ತರ. ಬ್ರೌಸರ್ ಕೇಳುತ್ತದೆ, ಸರ್ವರ್ ಕೊಡುತ್ತದೆ, ಕೊಟ್ಟ ಮೇಲೆ ಮರೆತುಬಿಡುತ್ತದೆ. ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ವೆಬ್ ಎಂಬುದನ್ನು ಪ್ರಸ್ತಾಪಿಸಿದ್ದು 1989ರಲ್ಲಿ, ಮೂಲ ವ್ಯವಹಾರ ಇವತ್ತಿಗೂ ಅದೇ. ಮರೆವಿನ ಸರ್ವರ್‌ಗೆ ನೆನಪು ಕೊಡಲು ಬಂದ ಕುಕಿ, ಅಂದರೆ ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ಗುರುತುಚೀಟಿ, 1994ರದ್ದು, ನೀವು ಇವತ್ತು ಬೆಳಿಗ್ಗೆ ಲಾಗಿನ್ ಆದಾಗಲೂ ಬಹುಪಾಲು ಅದೇ ಕೆಲಸ ಮಾಡಿದೆ. ಆದ್ದರಿಂದ ಗ್ರಂಥಾಲಯದಲ್ಲಿ ಹಳೇ ಪುಸ್ತಕ ಪುಕ್ಕಟೆ ಸಿಕ್ಕರೆ ಎಚ್‌ಟಿಟಿಪಿ, ಅಂದರೆ ಈ ವಿನಂತಿ-ಉತ್ತರದ ನಿಯಮಗಳು, ಬರುವ ಅಧ್ಯಾಯವನ್ನು ಓದಿ, ಧಾರಾಳವಾಗಿ ಓದಿ. ಕೋಡ್ ಮಾತ್ರ ಅದರಿಂದ ಟೈಪ್ ಮಾಡಬೇಡಿ.

ಯಾವ ಭಾಷೆ ಕಲಿಯಬೇಕು? ಈ ಪ್ರಶ್ನೆ ಚೀಟಿಯಲ್ಲಿ ಆರು ಜನ ಕಳಿಸಿದ್ದೀರಿ. ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ, ಯಾವುದಾದರೂ ಆಗುತ್ತದೆ. ನಿಮ್ಮ ಬೀದಿಯಲ್ಲೋ ಹಾಸ್ಟೆಲ್‌ನಲ್ಲೋ ಕೆಲಸ ಗೊತ್ತಿರುವ ಅಣ್ಣನೋ ಅಕ್ಕನೋ ಇದ್ದರೆ, ಅವರಿಗೆ ಯಾವುದು ಬರುತ್ತದೋ ಅದನ್ನು ಹಿಡಿಯಿರಿ. ರಾತ್ರಿ ಹತ್ತಕ್ಕೆ ಪ್ರೋಗ್ರಾಮ್ ನಿಂತುಹೋದಾಗ ಯಾವ ಭಾಷೆ ಶ್ರೇಷ್ಠ ಎಂಬ ಚರ್ಚೆ ಉಪಯೋಗಕ್ಕೆ ಬರುವುದಿಲ್ಲ, ಮೆಟ್ಟಿಲು ಇಳಿದು ಹೋಗಿ ಕೇಳಬಹುದಾದ ಒಂದು ಬಾಗಿಲು ಬರುತ್ತದೆ.

ಭಾಷೆಗಳ ಜಾತಕ ಕೇಳಿದರೆ ನಿಮಗೆ ನಗು ಬರುತ್ತದೆ. ಪಿಎಚ್‌ಪಿ ಹುಟ್ಟಿದ್ದು ರಾಸ್ಮಸ್ ಲೆರ್ಡಾರ್ಫ್ ಎಂಬವನು ತನ್ನ ಬಯೋಡೇಟಾ ಪುಟವನ್ನು ಎಷ್ಟು ಜನ ನೋಡಿದರು ಎಂದು ತಿಳಿಯಲು ಬರೆದುಕೊಂಡ ಚಿಲ್ಲರೆ ಪ್ರೋಗ್ರಾಮಿನಿಂದ. ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನದಲ್ಲಿ ಬರೆದ. ಪೈಥಾನಿನ ಜ್ಯಾಂಗೊ ಫ್ರೇಮ್‌ವರ್ಕ್ ತಯಾರಾದದ್ದು ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆ ಕಚೇರಿಯಲ್ಲಿ, ಲೋಕಕ್ಕೆ ಸಿಕ್ಕಿದ್ದು 2005ರಲ್ಲಿ. ನಮ್ಮೂರಿಗಿಂತ ಚಿಕ್ಕ ಊರು ಅದು. ಸಂಜೆಯೊಳಗೆ ಪುಟ ಮುಗಿಸಬೇಕಾದ ಪತ್ರಿಕೆಯವರ ಅವಸರ ಅದರ ಗುಣದಲ್ಲೇ ಇದೆ. ವಿಷಯ ಸ್ವಲ್ಪ ಜಾರಿತು, ಇರಲಿ.

ಪುಸ್ತಕ ಯಾರ ಕಂಪ್ಯೂಟರಿಗೆ ಬರೆದದ್ದು ಎಂಬುದನ್ನು ಯಾರೂ ನೋಡುವುದಿಲ್ಲ. ಎಷ್ಟೋ ಲೇಖಕರ ಮೇಜಿನ ಮೇಲೆ ಇರುವುದು ಮ್ಯಾಕ್. ನಿಮ್ಮ ಲ್ಯಾಬಿನಲ್ಲಿರುವುದು 4 ಜಿಬಿ ರ‍್ಯಾಮಿನ ವಿಂಡೋಸ್. ಮೊದಲ ಅಧ್ಯಾಯದಲ್ಲೇ ಡಾಕರ್ ಎಂಬ ಭಾರದ ಸಾಧನ ಹಾಕಿಕೊಳ್ಳಿ ಎಂದರೆ ಆ ಯಂತ್ರ ಏದುಸಿರು ಬಿಡುತ್ತದೆ. ಇನ್ನು ಕೆಲವರು ಎರಡನೇ ಪುಟದಲ್ಲಿ ಯಾವುದೋ ಕ್ಲೌಡ್ ಸೇವೆಯ ಖಾತೆ ತೆರೆಯಿರಿ, ಕ್ರೆಡಿಟ್ ಕಾರ್ಡ್ ನಂಬರ್ ಹಾಕಿ ಅನ್ನುತ್ತಾರೆ. ನಿಮ್ಮಲ್ಲಿ ಕ್ರೆಡಿಟ್ ಕಾರ್ಡ್ ಇರುವವರು ಯಾರು? ಒಬ್ಬರೂ ಇಲ್ಲ. ನಿಮ್ಮ ಯಂತ್ರದಲ್ಲೇ, ನೆಟ್ ಇಲ್ಲದಾಗಲೂ ಓಡುವಂತೆ ಹೇಳಿಕೊಡುವ ಪುಸ್ತಕ ಬೇಕು ನಿಮಗೆ.

ಇಂಗ್ಲಿಷಿನ ಬಗ್ಗೆ ಹೇಳದಿದ್ದರೆ ಮಾತು ಅಪೂರ್ಣ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಭಯ ಕೋಡಿನದ್ದಲ್ಲ, ಕೋಡಿನ ಸುತ್ತ ಇರುವ ಇಂಗ್ಲಿಷಿನದ್ದು. ನನಗೂ ಇತ್ತು. ಅದಕ್ಕೆ ನಾನು ಮಾಡುವುದು ಇಷ್ಟು: ಪುಸ್ತಕದ ನಡುವಿನ ಒಂದು ಪುಟ ತೆಗೆದು, ಮೊದಲು ಕೋಡನ್ನು ಮಾತ್ರ ನೋಡುತ್ತೇನೆ, ಆಮೇಲೆ ಕೆಳಗಿನ ವಿವರಣೆ ಓದುತ್ತೇನೆ. ವಿವರಣೆ ಓದಿದ ಮೇಲೆ ಕೋಡಿನ ಒಂದಾದರೂ ಸಾಲು ಮೊದಲಿಗಿಂತ ತಿಳಿಯಾದರೆ ಆ ಇಂಗ್ಲಿಷ್ ನನಗೆ ಸಾಕು. ಪ್ರತಿ ಪ್ಯಾರಾಕ್ಕೆ ಒಂದು ಜೋಕು, ಅಮೆರಿಕದ ಟಿವಿ ಧಾರಾವಾಹಿಯ ಪ್ರಸ್ತಾಪ ಇರುವ ಪುಸ್ತಕ ಅಲ್ಲಿಯವರಿಗೆ ಹಗುರ, ನಮಗೆ ಡಬಲ್ ಭಾರ. ಇಪ್ಪತ್ತನಾಲ್ಕು ಗಂಟೆಯಲ್ಲಿ, ಇಪ್ಪತ್ತೊಂದು ದಿನದಲ್ಲಿ ಕಲಿಸುತ್ತೇನೆ ಎಂದು ಮುಖಪುಟದಲ್ಲೇ ಮಾತು ಕೊಡುವ ಪುಸ್ತಕಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಸಾವಿರದಿನ್ನೂರು ಪುಟದ ಪುಸ್ತಕ ಮೊದಲನೆಯದಾಗಿ ಬೇಡವೇ ಬೇಡ, ಅದನ್ನು ಗ್ರಂಥಾಲಯ ಕೊಳ್ಳಲಿ.

ತಪ್ಪೋಲೆ ನೋಡಿ ಅಂದರೆ ನಿಮಗೆ ವಿಚಿತ್ರ ಅನಿಸಬಹುದು. ಒಳ್ಳೆಯ ಪ್ರಕಾಶಕರು ಪುಸ್ತಕದಲ್ಲಿ ಆಮೇಲೆ ಸಿಕ್ಕ ತಪ್ಪುಗಳ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಹಾಕಿರುತ್ತಾರೆ. ಪಟ್ಟಿ ಉದ್ದವಿದ್ದರೆ ಹೆದರಬೇಡಿ. ಯಾರೋ ಆ ಪುಸ್ತಕವನ್ನು ಕೊನೆವರೆಗೆ ಟೈಪ್ ಮಾಡಿ ನೋಡಿದ್ದಾರೆ, ಬರೆದವನು ಕೇಳಿಸಿಕೊಂಡಿದ್ದಾನೆ ಎಂದು ಅರ್ಥ. ನನ್ನ ನೂರಾ ಇಪ್ಪತ್ತು ರೂಪಾಯಿಯ ಪುಸ್ತಕಕ್ಕೆ ತಪ್ಪೋಲೆ ಇರಲೇ ಇಲ್ಲ.

ಈಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಪ್ರಶ್ನೆ: "ಸರ್, ಎಐ ಕೇಳಿದ್ರೆ ಎರಡು ನಿಮಿಷದಲ್ಲಿ ಬರೆದುಕೊಡುತ್ತೆ, ಪುಸ್ತಕ ಯಾಕೆ?" ನಾನೂ ಎಐಯನ್ನು ಕೇಳುತ್ತೇನೆ, ದಿನಾ ಕೇಳುತ್ತೇನೆ. ನನ್ನ ಹತ್ತಿರ ಸಂಜೆ ಬರುವ ಹುಡುಗನೊಬ್ಬ ಇಂಥದ್ದೇ ಒಂದು ಲೆಕ್ಕದ ಅಪ್ಲಿಕೇಶನ್ನನ್ನು ಹಾಗೆಯೇ ಬರೆಸಿ ತಂದ. ಚೆಂದ ಇತ್ತು, ಬಣ್ಣ ಗಿಣ್ಣ ಎಲ್ಲ ಹಾಕಿ. ನಾನು ಸೇವ್ ಒತ್ತಿ ರಿಫ್ರೆಶ್ ಮಾಡಿದೆ. ಎರಡು ಸಾಲಾಯಿತು. "ಇದನ್ನ ಸರಿ ಮಾಡಿಸು" ಅಂದೆ. ಅವನು ಎಐಗೆ ಬರೆದ: ಎರಡು ಸಲ ಬರ್ತಿದೆ, ಸರಿ ಮಾಡು. ಅದು ಏನು ಮಾಡಿತು ಗೊತ್ತೇ? ಅದೇ ಹೆಸರು, ಅದೇ ಲೀಟರ್ ಎರಡನೇ ಸಲ ಬಂದರೆ ತಿರಸ್ಕರಿಸುವಂತೆ ಮಾಡಿತು. ಮಾರನೇ ದಿನ ಅದೇ ಗಿರಾಕಿಗೆ ಅದೇ ಒಂದು ಲೀಟರ್ ಹಾಕಲು ಹೋದರೆ ಆಗುವುದಿಲ್ಲ! ರೀಡೈರೆಕ್ಟ್ ಮಾಡು ಎಂದು ಕೇಳಿದ್ದರೆ ಅರೆಕ್ಷಣದಲ್ಲಿ ಮಾಡಿಕೊಡುತ್ತಿತ್ತು. ಕೇಳಲು ಆ ಪದ ಅವನ ಹತ್ತಿರ ಇರಲಿಲ್ಲ.

ಮೊಬೈಲ್ ಒಂದೇ ಇದೆ, ಕಲಿಯಬಹುದೇ ಎಂದು ಜಗಳೂರು ಕಡೆಯ ಒಬ್ಬರು ಚೀಟಿ ಕಳಿಸಿದ್ದಾರೆ. ಪುಟದ ರಚನೆ ಬರೆಯುವ ಎಚ್‌ಟಿಎಂಎಲ್, ಸ್ವಲ್ಪ ಜಾವಾಸ್ಕ್ರಿಪ್ಟ್ ಮೊಬೈಲಿನಲ್ಲಿ ಆಗುತ್ತದೆ. ಸರ್ವರ್ ಭಾಗಕ್ಕೆ ಕೀಬೋರ್ಡು ಬೇಕು. ಕಾಲೇಜು ಲ್ಯಾಬಿನಲ್ಲಿ ವಾರಕ್ಕೆ ಮೂರು ಗಂಟೆ ಕೇಳಿ ಪಡೆದುಕೊಳ್ಳಿ, ಉಳಿದ ದಿನ ಪುಸ್ತಕ ಓದಿ ಕೋಡನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಂಡು ಹೋಗಿ. ನಗಬೇಡಿ, ನಾನು ಕಲಿತದ್ದು ಹಾಗೆಯೇ. ಕೈಯಲ್ಲಿ ಬರೆದ ಸಾಲಿನ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಈ ಮೇಜಿನ ಮೇಲೆ ನಾಲ್ಕು ಪುಸ್ತಕ ಇಟ್ಟಿದ್ದೇನೆ. ರಟ್ಟಿಗೆ ಕಾಗದ ಸುತ್ತಿದ್ದೇನೆ, ಹೆಸರು ಕಾಣುವುದಿಲ್ಲ. ಹೊರಗೆ ಮಂಡಕ್ಕಿ ಮೆಣಸಿನಕಾಯಿ ಇಟ್ಟಿದ್ದಾರೆ, ತಿಂದು ಕೈ ಒರೆಸಿಕೊಂಡು ಬಂದು ಒಂದೊಂದಾಗಿ ತೆರೆಯಿರಿ. ಫಾರ್ಮ್ ಅಧ್ಯಾಯ ಹುಡುಕಿ, ಡಿ'ಸೋಜಾ ಅವರ ಹೆಸರು ಹಾಕಿ ನೋಡಿ, ಅತ್ತೆಯ ಕೈಲಿ ರಿಫ್ರೆಶ್ ಮಾಡಿಸಿ. ನಾಲ್ಕರಲ್ಲಿ ಒಂದು ನಾನು ನೂರಾ ಇಪ್ಪತ್ತು ರೂಪಾಯಿಗೆ ತಂದದ್ದು. ಯಾವುದು ಅಂತ ನೀವೇ ಹೇಳಬೇಕು.